ಗುಂಡಿಯ ಮುಖ ಆಮೇಲೆ, ಮೊದಲು ಬೆನ್ನು

ಮೆಟಲ್ ಡಿಟೆಕ್ಟರ್ ಹಿಡಿದು ಹೊಲದಲ್ಲಿ ಹಳೆಯ ಗುಂಡಿ ಹುಡುಕುವ ಹವ್ಯಾಸವನ್ನು ಕನ್ನಡದಲ್ಲಿ ಹೇಳಲು ಹೊರಟರೆ ಮೊದಲ ವಾಕ್ಯದಲ್ಲೇ ಎಡವುತ್ತೇವೆ. ತೋಡಿದ್ದೂ ಗುಂಡಿ, ಒಳಗೆ ಸಿಕ್ಕಿದ್ದೂ ಗುಂಡಿ. ಹಾಗಾಗಿ ಇವತ್ತಿನ ಮಟ್ಟಿಗೆ ನೆಲದ್ದನ್ನು ಕುಳಿ ಅನ್ನೋಣ, ಅಂಗಿಯದ್ದನ್ನು ಗುಂಡಿ ಅನ್ನೋಣ.

ಇಂಗ್ಲೆಂಡಿನ ಉತ್ತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅರ್ಧ ದಿನ ನಡೆದವರ ಚೀಲ ಸುರಿದು ನೋಡಿ. ಸೀಸದ ಚೂರುಗಳು, ಬಂದೂಕಿನ ತೋಟಾದ ಹಿತ್ತಾಳೆ ತಳಗಳು, ಅಕ್ಷರ ಅಳಿಸಿಹೋದ ಒಂದೆರಡು ತಾಮ್ರದ ನಾಣ್ಯ, ಅವುಗಳ ಜೊತೆ ಗುಂಡಿಗಳು. ನಾಣ್ಯ ಒಣಬಟ್ಟೆಯಲ್ಲಿ ಜೋಪಾನವಾಗಿ ಮನೆಗೆ ಹೋಗುತ್ತದೆ, ಗುಂಡಿ ಡಬ್ಬಿಯ ತಳ ಸೇರುತ್ತದೆ. ನಾಣ್ಯದ ಮೇಲೆ ಇಸವಿ ಇರುತ್ತದೆ, ಗುಂಡಿಯ ಮೇಲೆ ಇರುವುದಿಲ್ಲವಲ್ಲ! ಆದರೆ ಅಕ್ಷರ ಅಳಿಸಿದ ನಾಣ್ಯಕ್ಕಿಂತ ಒಳ್ಳೆಯ ಗುಂಡಿಯೊಂದು ಎಷ್ಟೋ ಸಲ ಹೆಚ್ಚು ಬಿಗಿಯಾದ ಕಾಲ ಹೇಳುತ್ತದೆ. ನಾವು ಅದನ್ನು ತಪ್ಪು ಕಡೆಯಿಂದ ಓದುತ್ತೇವೆ, ಅಷ್ಟೆ. ಮುಖದ ಮೇಲಿನ ಹೂವು, ಕಿರೀಟ, ಲಂಗರು ಎಲ್ಲ ಗುಂಡಿ ಯಾರದು ಎಂದು ಹೇಳುತ್ತವೆ. ಅದು ಯಾವಾಗಿನದು ಎನ್ನುವುದು ಬೆನ್ನಿನಲ್ಲಿರುತ್ತದೆ. ಹೂವಿನ ಮಾದರಿಯನ್ನು ನೂರು ವರ್ಷ ಬಿಟ್ಟು ಯಾರು ಬೇಕಾದರೂ ನಕಲು ಮಾಡಬಹುದು. ಕುಣಿಕೆ ಕೂರಿಸುವ ಹಳೆಯ, ನಿಧಾನದ ವಿಧಾನಕ್ಕೆ ಕಾರ್ಖಾನೆ ಯಾಕೆ ಮರಳುತ್ತದೆ?

ಕುಣಿಕೆ ಅಂದರೆ ಹಿಂಬದಿಯ ದಾರ ಹೋಗುವ ಬಳೆ, ಇಂಗ್ಲಿಷಿನವರು ಶ್ಯಾಂಕ್ ಅನ್ನುವುದು. ಅದರಿಂದಲೇ ಶುರು ಮಾಡೋಣ.

ಕುಣಿಕೆಯೂ ಗುಂಡಿಯೂ ಒಂದೇ ಎರಕದಲ್ಲಿ ಹುಟ್ಟಿದ್ದು, ಬೆನ್ನಿನಿಂದ ಎದ್ದ ಗಟ್ಟಿ ಮೂತಿಗೆ ಆಮೇಲೆ ತೂತು ಕೊರೆದದ್ದು: ಇದು ಹಳೆಯ ಗುಂಪು. ಮಧ್ಯಯುಗದ ಚಿಕ್ಕ ಗೋಲಿಯಂಥ ಗುಂಡಿಗಳಿಂದ ಹಿಡಿದು 17ನೇ ಶತಮಾನದ ತನಕ, ಕೆಲವು 18ರ ಒಳಗೂ, ಇದೇ ಪದ್ಧತಿ. ಇವು ಸಣ್ಣವು, ಬಹುಪಾಲು 8ರಿಂದ 15 ಮಿಲಿಮೀಟರ್. ಎರಡನೆಯದು, ತಂತಿಯ ಬಳೆಯನ್ನು ಅಚ್ಚಿನೊಳಗೇ ನಿಲ್ಲಿಸಿ ಸುತ್ತಲೂ ಲೋಹ ಸುರಿದದ್ದು. ತಂತಿಯ ಬುಡದಲ್ಲಿ ಶಂಕುವಿನಾಕಾರದ ಚಿಕ್ಕ ದಿಬ್ಬ ಇರುತ್ತದೆ. ಲೇತಿಗೆ ಹಚ್ಚಿ ತಿರುವಿದ್ದರೆ ದಿಬ್ಬದ ಸುತ್ತ ಹಳೆಯ ಗ್ರಾಮಫೋನ್ ತಟ್ಟೆಯಂತೆ ಒಂದರೊಳಗೊಂದು ಗೆರೆಗಳು ಕಾಣುತ್ತವೆ. ಇದು 18ನೇ ಶತಮಾನದ ಕೈಬರಹ. ಮೂರನೆಯದು, ಚಪ್ಪಟೆ ಬಿಲ್ಲೆಯ ಮೇಲೆ ತಂತಿಯ ಬಳೆಯನ್ನು ಬೆಸುಗೆ ಹಾಕಿದ್ದು. ಸುಮಾರು 1760ರ ನಂತರ ಇದರ ಸುಗ್ಗಿ, 1840ರ ದಶಕದವರೆಗೂ ನಡೆಯಿತು. ಡಬ್ಬಿಯಲ್ಲಿ ಅರ್ಧಕ್ಕೂ ಹೆಚ್ಚು ಇವೇ ಇರುತ್ತವೆ. ನಾಲ್ಕನೆಯದು ಎರಡು ತಗಡುಗಳ ಪೊಳ್ಳು ಗುಂಡಿ. ಮುಂದಿನ ತಗಡಿನ ಅಂಚನ್ನು ಹಿಂದಿನದರ ಮೇಲೆ ಮಡಚಿ ಬಿಗಿದಿರುತ್ತಾರೆ. ಈ ಬಗೆಯನ್ನು ಬೆಂಜಮಿನ್ ಸ್ಯಾಂಡರ್ಸ್ ಎಂಬ ಗುಂಡಿ ತಯಾರಕ 1813ರಲ್ಲಿ ಚಾಲ್ತಿಗೆ ತಂದ. ಅಂಚು ಮಡಚಿದ ಗುಂಡಿ ಕೈಗೆ ಬಂದರೆ ಅದರ ಮುಖದಲ್ಲಿ ಏನೇ ಇರಲಿ, ಆ ಇಸವಿಗಿಂತ ಹಿಂದಕ್ಕೆ ಹೋಗುವಾಗ ಹತ್ತು ಸಲ ಯೋಚಿಸಿ.

ಇದಕ್ಕೆ ಒಂದು ಅಪವಾದವಿದೆ, ಅದರಲ್ಲಿ ಬಹಳ ಮಂದಿ ಬೀಳುತ್ತಾರೆ. 18ನೇ ಶತಮಾನದ ಕೊನೆಯಲ್ಲಿ ಸೇನಾಧಿಕಾರಿಗಳ ಗುಂಡಿಗಳಿಗೆ ಮೂಳೆ ಅಥವಾ ಮರದ ಬಿಲ್ಲೆಯೇ ಬೆನ್ನು. ಅದರ ಮೇಲೆ ತೆಳುವಾದ ಬೆಳ್ಳಿಯ ಅಥವಾ ಚಿನ್ನ ಲೇಪಿಸಿದ ತಗಡು ಹೊದಿಸಿ, ಕುಣಿಕೆಯ ಬದಲು ಪ್ರಾಣಿಯ ಕರುಳಿನ ದಾರ ಪೋಣಿಸುತ್ತಿದ್ದರು. ಮಣ್ಣಿನಲ್ಲಿ ಮೂಳೆಯೂ ದಾರವೂ ಹೋಗಿ, ಸಿಗರೇಟು ಪ್ಯಾಕಿನ ಒಳಗಿನ ಹಾಳೆಯಂತೆ ಸುಕ್ಕಾದ ತಗಡು ಮಾತ್ರ ಉಳಿಯುತ್ತದೆ. ಅದನ್ನು ಚಾಕಲೇಟ್ ಕಾಗದ ಎಂದು ಎಸೆದವರಿದ್ದಾರೆ. ಬಿಡಿಸಲು ಹೋಗಬೇಡಿ, ಮಡಿಕೆಯಲ್ಲೇ ಮುರಿಯುತ್ತದೆ. ಅಂಚು ಒಳಕ್ಕೆ ಬಾಗಿದೆಯೇ, ಮಧ್ಯದಲ್ಲಿ ಅಂಕಿಯ ಉಬ್ಬು ಇದೆಯೇ, ಇಷ್ಟನ್ನು ಮಾತ್ರ ನೋಡಿ.

ಕುಣಿಕೆ ಮುರಿದುಹೋದ ಚಪ್ಪಟೆ ಗುಂಡಿಗೂ ಸವೆದ ತಾಮ್ರದ ನಾಣ್ಯಕ್ಕೂ ಗೊಂದಲ ಸಹಜ. ಡಿಟೆಕ್ಟರಿನ ಕಿವಿಗೂ ಎರಡೂ ಒಂದೇ ತರಹ ಕೇಳುತ್ತವೆ. ಜಾರ್ಜ್ ದೊರೆಗಳ ಕಾಲದ ಹಾಫ್‌ಪೆನ್ನಿ 28 ಮಿಲಿಮೀಟರಿನ ಆಸುಪಾಸು, ಸವೆಯದಿದ್ದರೆ ಹತ್ತು ಗ್ರಾಂನ ಹತ್ತಿರ. ಅದೇ ಅಗಲದ ಚಪ್ಪಟೆ ಗುಂಡಿ ಸಾಮಾನ್ಯವಾಗಿ ಅದರ ಅರ್ಧ ತೂಗುತ್ತದೆ. ಆಮೇಲೆ ನಟ್ಟನಡುವೆ ನೋಡಿ. ಬೆಸುಗೆ ಕಿತ್ತ ಕಡೆ ಬೂದು ಬಣ್ಣದ ಚಿಕ್ಕ ಕಲೆ, ಕೆಲವೊಮ್ಮೆ ತಂತಿಯ ಎರಡು ಕಾಲುಗಳ ಗುರುತು ಉಳಿದಿರುತ್ತದೆ. ನಾಣ್ಯದಲ್ಲಿ ಅದು ಇರಲು ಸಾಧ್ಯವಿಲ್ಲ. ಯಾರಾದರೂ ನಾಣ್ಯಕ್ಕೇ ಕುಣಿಕೆ ಬೆಸೆದು ಗುಂಡಿ ಮಾಡಿಕೊಂಡಿದ್ದರೆ ಮಾತ್ರ ಉಂಟು, ಹಾಗೆ ಮಾಡಿಕೊಂಡವರೂ ಇದ್ದರು.

ಅಳತೆಗೆ ಕ್ಯಾಲಿಪರ್ ಬಳಸಿ, ಮಿಲಿಮೀಟರಿನಲ್ಲೇ ಬರೆದಿಡಿ. ಗುಂಡಿ ವ್ಯಾಪಾರದ ಹಳೆಯ ಅಳತೆ ಲೈನ್: ಒಂದು ಇಂಚಿಗೆ 40 ಲೈನ್, ಒಂದು ಲೈನ್‌ಗೆ 0.635 ಮಿಲಿಮೀಟರ್. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಇದು ಹೊಸದಲ್ಲ, ಅಂಗಿಗೆ 18 ಲೈನ್ ಎಂದು ಇವತ್ತಿಗೂ ಅದೇ ಲೆಕ್ಕ. ಹೊಲದ ಗುಂಡಿಗಳಲ್ಲಿ 14ರಿಂದ 18 ಮಿಲಿಮೀಟರಿನವು ಹೆಚ್ಚಾಗಿ ತೋಳಿಗೆ ಅಥವಾ ಒಳಗಿನ ವೇಸ್ಟ್‌ಕೋಟಿಗೆ, 20ರ ಮೇಲಿನವು ಕೋಟಿಗೆ. 1770ರಿಂದ 1800ರ ಸುಮಾರಿಗೆ ಶೋಕಿಲಾಲರು 30 ಮಿಲಿಮೀಟರನ್ನೂ ಮೀರಿದ ಬಿಲ್ಲೆಗಳನ್ನು ಎದೆಯ ಮೇಲೆ ಸಾಲಾಗಿ ಹೊಳೆಯಿಸಿಕೊಂಡು ಓಡಾಡಿದರು. ಡಿಟೆಕ್ಟರಿಸ್ಟರ ಮಾತಿನಲ್ಲಿ ಅವು ಡ್ಯಾಂಡಿ ಗುಂಡಿಗಳು. ಅವುಗಳಲ್ಲಿ ಕೆಲವಕ್ಕೆ ಕಾಜಾ ಎಷ್ಟು ಉದ್ದ ಹೊಲಿದಿದ್ದರೋ!

ಇನ್ನು ಲೋಹ. ಕುಳಿಯಿಂದ ಹೊರಬಂದಾಗ ಹಿತ್ತಾಳೆ, ತಾಮ್ರದ ಗುಂಡಿಗಳೆಲ್ಲ ಹಸಿರು ಕಿಲುಬು ಹಿಡಿದಿರುತ್ತವೆ. ಅವುಗಳ ಮಧ್ಯೆ ಒಂದು ಮಾತ್ರ ಬೂದುಬೆಳ್ಳಗೆ, ನುಣ್ಣಗೆ, ನಿನ್ನೆ ಬಿದ್ದಂತೆ ಇದ್ದರೆ ಅದು ಬಹುಮಟ್ಟಿಗೆ ಟೊಂಬ್ಯಾಕ್. ತಾಮ್ರ, ಸತು, ಕೆಲವೊಮ್ಮೆ ಬಿಳುಪಿಗಾಗಿ ಸ್ವಲ್ಪ ಆರ್ಸೆನಿಕ್ ಸೇರಿದ ಈ ಮಿಶ್ರಲೋಹ 18ನೇ ಶತಮಾನದ ಗುರುತು. ಕೈಯಲ್ಲಿ ಕೆತ್ತಿದ ಹೂವು, ನಕ್ಷತ್ರ, ಗೆರೆಗಳ ಜಾಲರಿ ಅದರ ಮೇಲೆ ಚೆನ್ನಾಗಿ ಉಳಿಯುತ್ತವೆ, ಕುಣಿಕೆ ಮಾತ್ರ ಮುರಿದಿರುವುದೇ ಹೆಚ್ಚು. ಹೆಸರಿನ ಮೂಲ ನಮಗೆ ದೂರದ್ದಲ್ಲ. ಸಂಸ್ಕೃತದ ತಾಮ್ರ ಪ್ರಾಕೃತದಿಂದ ಮಲಯಕ್ಕೆ ಹೋಗಿ ತೆಂಬಾಗ ಆಯಿತು, ಪೋರ್ಚುಗೀಸರ ಬಾಯಿಗೆ ಬಿದ್ದು, ಫ್ರೆಂಚರನ್ನು ದಾಟಿ, ಟೊಂಬ್ಯಾಕ್ ಆಗಿ ಇಂಗ್ಲೆಂಡಿಗೆ ಬಂತು.

ಪ್ಯೂಟರ್ ಬೇರೆ ಜಾತಿ. ಇದು ತವರ ಮುಖ್ಯವಾದ ಮಿಶ್ರಲೋಹ, ಜೊತೆಗೆ ಸೀಸ. ನೋಡಲು ಬೂದು, ಹೊಟ್ಟೆದ್ದ ಮೈ, ಉಗುರು ತಾಗಿದರೂ ಗೆರೆ ಬೀಳುವಷ್ಟು ಮೆತ್ತಗೆ. ಬೆನ್ನಿನಲ್ಲಿ ಅಡ್ಡಲಾಗಿ ಅಚ್ಚಿನ ಎರಡು ಹೋಳು ಸೇರಿದ ಏಣು, ನಡುವೆ ಕಬ್ಬಿಣದ ತಂತಿ ತುಕ್ಕಾಗಿ ಹೋದ ಕೆಂಪು ಕಲೆ. ಈ ಎರಡೂ ಕಂಡರೆ ಮುಖವನ್ನು ನಿಧಾನವಾಗಿ ನೋಡಿ, ಸೈನಿಕನ ಗುಂಡಿ ಇರಬಹುದು.

ಈಗ ಒಂದೇ ಒಂದು ಗುಂಡಿಯನ್ನು ಹತ್ತಿರದಿಂದ ನೋಡೋಣ. 24 ಮಿಲಿಮೀಟರಿನ ಚಪ್ಪಟೆ ಬಿಲ್ಲೆ. ಮುಖದಲ್ಲಿ ಏನೂ ಇಲ್ಲ, ಬೋಳು. ಬೆನ್ನಿನಲ್ಲಿ ಬೆಸುಗೆಯ ಕುಣಿಕೆ. ಟಾರ್ಚನ್ನು ಮೇಲಿಂದ ಹಿಡಿದರೆ ಬರೀ ಕಂದು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಗುಂಡಿಯ ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿದು, ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ. ಕುಣಿಕೆಯ ಸುತ್ತ ಅಕ್ಷರಗಳು ಒಂದೊಂದಾಗಿ ಏಳುತ್ತವೆ: ಟ್ರೆಬಲ್ ಗಿಲ್ಟ್ ಸ್ಟ್ಯಾಂಡರ್ಡ್ ಕಲರ್, ಅಂದರೆ ಮೂರು ಪಟ್ಟು ಚಿನ್ನದ ಲೇಪ, ಪ್ರಮಾಣಿತ ಬಣ್ಣ. ಕುಣಿಕೆಯ ಬುಡದಲ್ಲಿ, ಉಜ್ಜಾಟ ತಾಗದ ಜಾಗದಲ್ಲಿ, ಹಳದಿಯ ಒಂದು ಎಳೆ ಇನ್ನೂ ಇದೆ.

ಇದರ ಹಿಂದೆ ಒಂದು ಕಾನೂನು ಇದೆ. ಬರ್ಮಿಂಗ್‌ಹ್ಯಾಮಿನ ಗುಂಡಿ ತಯಾರಕರು ಹೆಸರಿಗಷ್ಟೇ ಚಿನ್ನ ಸವರಿ ಮಾರುತ್ತಿದ್ದಾರೆ ಎಂಬ ದೂರು ಹೆಚ್ಚಿ, 1796ರಲ್ಲಿ ಬ್ರಿಟಿಷ್ ಸಂಸತ್ತು ಲೋಹದ ಗುಂಡಿಗಳಿಗೆಂದೇ ಕಾಯ್ದೆ ಮಾಡಿತು. ಗಿಲ್ಟ್ ಎಂದು ಬರೆಯಬೇಕಾದರೆ ಒಂದಿಂಚು ಅಗಲದ ಒಂದು ಗ್ರೋಸ್ ಗುಂಡಿಗೆ, ಅಂದರೆ 144ಕ್ಕೆ, ಕನಿಷ್ಠ 5 ಗ್ರೇನ್ ಚಿನ್ನ ಬಿದ್ದಿರಬೇಕು. 5 ಗ್ರೇನ್ ಅಂದರೆ 0.32 ಗ್ರಾಂ, ಒಂದು ಗುಂಡಿಗೆ ಎರಡೂಕಾಲು ಮಿಲಿಗ್ರಾಂ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬಳಿದು, ಕಾಯಿಸಿ ಪಾದರಸವನ್ನು ಆವಿ ಮಾಡಿ ಓಡಿಸಿದರೆ ಅಷ್ಟರಲ್ಲೇ ಎಲ್ಲ ಮುಚ್ಚುತ್ತದೆ. ಆ ಹೊಗೆ ಕುಡಿದ ಕೆಲಸಗಾರರ ಪಾಡು ಬೇರೆ ಕತೆ. ನಮ್ಮಲ್ಲಿ ಗಿಲೀಟು ಅಂದರೆ ಹುಸಿ ಎಂಬ ಅರ್ಥ. ಅದೇ ಪದ ಈ ಗುಂಡಿಯ ಬೆನ್ನಿನಲ್ಲಿ ನಿಜವಾದ ಚಿನ್ನಕ್ಕೆ ಕಾನೂನಿನ ಸಾಕ್ಷಿ!

ಹಾಗಾದರೆ ಈ ಗುಂಡಿಯ ಕಾಲ? ಬೆಸುಗೆ ಕುಣಿಕೆಯ ಒಂಟಿ ಬಿಲ್ಲೆ ಮತ್ತು ಗುಣಮಟ್ಟದ ಜಂಬ ಎರಡೂ ಸೇರಿದರೆ ಸುಮಾರು 1800ರಿಂದ 1840. ಕೊನೆಯ ಗಡಿಗೆ ಇನ್ನೊಂದು ಆಧಾರ, 1840ರಲ್ಲಿ ಎಲ್ಕಿಂಗ್ಟನ್ ಕುಟುಂಬ ಬರ್ಮಿಂಗ್‌ಹ್ಯಾಮಿನಲ್ಲಿ ಪಡೆದ ವಿದ್ಯುಲ್ಲೇಪನದ ಪೇಟೆಂಟ್. ಅದರ ನಂತರ ಪಾದರಸದ ದಾರಿ ಕ್ರಮೇಣ ಮುಚ್ಚಿತು. ಎಕ್ಸ್‌ಟ್ರಾ ರಿಚ್, ಸೂಪರ್‌ಫೈನ್, ಬೆಸ್ಟ್ ಕ್ವಾಲಿಟಿ ಎಲ್ಲ ಇದೇ ಕುಟುಂಬದ ಮಾತುಗಳು. ಇವುಗಳನ್ನು ತಯಾರಕರ ಹೆಸರೆಂದು ತಿಳಿದು ಹುಡುಕಿ ಸುಸ್ತಾಗಬೇಡಿ.

ತಯಾರಕರ ಹೆಸರೇ ಇದ್ದಾಗಲೂ ಎಚ್ಚರ ಬೇಕು. ಫರ್ಮಿನ್ ಸಂಸ್ಥೆಯ ಬೇರು 17ನೇ ಶತಮಾನಕ್ಕೆ ಹೋಗುತ್ತದೆ, ಆದರೆ ಫರ್ಮಿನ್ ಎಂದು ಕಂಡ ತಕ್ಷಣ ಗುಂಡಿಯೂ ಆ ಕಾಲದ್ದು ಎನ್ನಬೇಡಿ. ಹೆಸರು ಮುನ್ನೂರು ವರ್ಷ ಉಳಿಯುತ್ತದೆ, ಅದರ ಬಾಲ ಬದಲಾಗುತ್ತದೆ. ಆಂಡ್ ಸನ್ಸ್, ಆಂಡ್ ಕೋ, ಲಿಮಿಟೆಡ್, ಬೀದಿಯ ಹೆಸರು, ಮನೆ ಸಂಖ್ಯೆ: ಕಾಲ ಹೇಳುವವು ಇವು. ಲಿಮಿಟೆಡ್ ಎಂದಿದ್ದರೆ 1855ರ ನಂತರದ್ದು, ಏಕೆಂದರೆ ಸೀಮಿತ ಹೊಣೆಗಾರಿಕೆಯ ಕಾನೂನು ಬಂದದ್ದೇ ಆಗ. ವಜ್ರಾಕಾರದ ಚಿಕ್ಕ ಮುದ್ರೆ ಇದ್ದರೆ ಅದು ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರೊಳಗೆ. 1884ರಿಂದ ಅದರ ಜಾಗದಲ್ಲಿ ಬರೀ ನೋಂದಣಿ ಸಂಖ್ಯೆ.

ಸೇನೆಯ ಗುಂಡಿಗಳ ವಿಷಯಕ್ಕೆ ಬಂದರೆ ಕೆಲಸ ನಿಜಕ್ಕೂ ಸುಲಭ, ಯಾಕೆಂದರೆ ಸರ್ಕಾರವೇ ಆದೇಶ ಬರೆದಿಟ್ಟಿದೆ. ಬ್ರಿಟಿಷ್ ಕಾಲಾಳು ರೆಜಿಮೆಂಟುಗಳ ಅಂಕಿ ಗುಂಡಿಯ ಮೇಲೆ ಕಡ್ಡಾಯವಾದದ್ದು 1767ರಲ್ಲಿ. 1855ರಲ್ಲಿ ಸಾಮಾನ್ಯ ಸೈನಿಕರ ಗುಂಡಿ ಪ್ಯೂಟರ್‌ನಿಂದ ಹಿತ್ತಾಳೆಗೆ ಬದಲಾಯಿತು. 1871ರಲ್ಲಿ ಅವರಿಂದ ಅಂಕಿ ಕಿತ್ತುಕೊಂಡು, ಎಲ್ಲರಿಗೂ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಇರುವ ರಾಜಲಾಂಛನದ ಜನರಲ್ ಸರ್ವಿಸ್ ಗುಂಡಿ ಕೊಟ್ಟರು. ಅಧಿಕಾರಿಗಳು 1881ರ ತನಕ ಅಂಕಿ ಉಳಿಸಿಕೊಂಡರು. ಆ ವರ್ಷ ರೆಜಿಮೆಂಟುಗಳಿಗೆ ಅಂಕಿ ಹೋಗಿ ಕೌಂಟಿಗಳ ಹೆಸರು ಬಂತು. ಲೆಕ್ಕ ಹಾಕಿ: ಪ್ಯೂಟರ್ ಮೇಲೆ ಅಂಕಿ ಇದ್ದರೆ 1767ರಿಂದ 1855. ಸೈನಿಕನ ಹಿತ್ತಾಳೆ ಗುಂಡಿಯ ಮೇಲೆ ಅಂಕಿ ಇದ್ದರೆ 1855ರಿಂದ 1871, ಬರೀ ಹದಿನಾರು ವರ್ಷ. ಇಷ್ಟು ಬಿಗಿಯಾದ ಕಾಲ ಹೊಲದಲ್ಲಿ ಸಿಗುವ ಎಷ್ಟು ವಸ್ತುಗಳಿಗೆ ಹೇಳಬಲ್ಲಿರಿ? ಅಧಿಕಾರಿಯ ಗುಂಡಿ ಬೆಳ್ಳಿಯ ಬಣ್ಣದ್ದಾಗಿದ್ದು, ತಯಾರಿಕೆ 1830ರ ನಂತರದ್ದೆಂದು ಬೆನ್ನು ಹೇಳಿದರೆ, ಅದು ಖಾಯಂ ಸೇನೆಯದಲ್ಲ, ಮಿಲಿಷಿಯಾದ್ದು, ಅಂದರೆ ಸ್ಥಳೀಯ ಅರೆಕಾಲಿಕ ಪಡೆಯದು. ಆ ವರ್ಷ ಖಾಯಂ ಸೇನೆಗೆ ಚಿನ್ನದ ಬಣ್ಣ, ಮಿಲಿಷಿಯಾಕ್ಕೆ ಬೆಳ್ಳಿಯದು ಎಂದು ಹಂಚಿದರು.

ಜನರಲ್ ಸರ್ವಿಸ್ ಗುಂಡಿಗಳನ್ನು ವಿಂಗಡಿಸಲು ಕಿರೀಟದ ಕಮಾನು ನೋಡಬೇಕು. ಗುಮ್ಮಟದಂತೆ ಉಬ್ಬಿದ ಕಮಾನು 1901ರಿಂದ 1952ರವರೆಗಿನ ದೊರೆಗಳದು, 2022ರಲ್ಲಿ ಪಟ್ಟಕ್ಕೆ ಬಂದ ಮೂರನೇ ಚಾರ್ಲ್ಸ್‌ನದೂ ಅದೇ. ನಡುವೆ ತಗ್ಗಿದ್ದರೆ ಒಂದೋ ವಿಕ್ಟೋರಿಯಾ ಕಾಲ, ಇಲ್ಲವೇ 1953ರ ನಂತರದ ಎಲಿಜಬೆತ್ ಕಾಲ. ಸವೆದ ಗುಂಡಿಯಲ್ಲಿ ಇವೆರಡನ್ನು ಕಣ್ಣಿನಿಂದ ಬೇರೆ ಮಾಡಲು ಹೆಣಗಬೇಡಿ, ಮತ್ತೆ ಬೆನ್ನಿಗೇ ಹೋಗಿ. ಹಗುರ ಅಲ್ಯೂಮಿನಿಯಂ, ಪಾಲಿಶ್ ಬೇಡದ ಚಿನ್ನದ ಬಣ್ಣ ಕಂಡರೆ 1950ರ ಈಚಿನದು. ನೌಕಾಪಡೆಯದಾದರೆ ಲಂಗರಿನ ಮೇಲೆ ಕಿರೀಟ ಇದೆಯೇ ನೋಡಿ. ಅಧಿಕಾರಿಗಳ ಲಂಗರಿಗೆ ಕಿರೀಟ ಸೇರಿದ್ದು 1812ರಲ್ಲಿ.

ಕನ್ನಡಿಗರಿಗೆ ಇಲ್ಲೊಂದು ಆಸೆ ಕಾದಿರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ರೆಜಿಮೆಂಟುಗಳಲ್ಲಿ 12, 33, 73, 74 ಸೇರಿದ್ದವು. ಯಾರ್ಕ್‌ಷೈರಿನ ಹೊಲದಲ್ಲಿ 33 ಎಂಬ ಪ್ಯೂಟರ್ ಗುಂಡಿ ಸಿಕ್ಕರೆ ಕಾವೇರಿಯ ನೀರು ಕಂಡ ಗುಂಡಿ ಎನ್ನಿಸದೆ ಇರದು. ಆದರೆ ಆ ಅಂಕಿಯ ಪ್ಯೂಟರ್ ಗುಂಡಿ 88 ವರ್ಷ ಚಾಲ್ತಿಯಲ್ಲಿತ್ತು. ರೆಜಿಮೆಂಟ್ ಮುತ್ತಿಗೆಯಲ್ಲಿತ್ತು ಎನ್ನಬಹುದು, ಈ ಗುಂಡಿ ಇತ್ತು ಎನ್ನಲಾಗದು. ಇನ್ನು ಶ್ರೀರಂಗಪಟ್ಟಣದಲ್ಲೇ ಹುಡುಕಿದರೆ ಎನ್ನುವವರಿಗೆ: ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು 1958ರ ಕಾಯ್ದೆಯಡಿ ಅಪರಾಧ. ಆ ಕಡೆ ಡಿಟೆಕ್ಟರ್ ಒಯ್ಯಲೇಬೇಡಿ.

ಇಂಗ್ಲೆಂಡಿನಲ್ಲೂ ನೆಲದ ಮಾಲೀಕರ ಒಪ್ಪಿಗೆ ಮೊದಲು, ಡಿಟೆಕ್ಟರ್ ಆಮೇಲೆ. ಅಲ್ಲೂ ಸಂರಕ್ಷಿತ ಸ್ಮಾರಕಗಳ ಜಾಗ ನಿಷಿದ್ಧ. ತಾಮ್ರ, ಹಿತ್ತಾಳೆ, ಪ್ಯೂಟರ್ ಗುಂಡಿಗಳು ಸಾಮಾನ್ಯವಾಗಿ 1996ರ ಟ್ರೆಷರ್ (ನಿಧಿ) ಕಾಯ್ದೆಗೆ ಬರುವುದಿಲ್ಲ. ಬೆಳ್ಳಿ ಅಥವಾ ಚಿನ್ನ ಶೇ. 10ಕ್ಕೆ ಕಡಿಮೆಯಿಲ್ಲದಂತೆ ಇದ್ದು, 300 ವರ್ಷ ದಾಟಿದ್ದರೆ ಬರುತ್ತದೆ. 17ನೇ ಶತಮಾನದ ಬೆಳ್ಳಿ ಗುಂಡಿ ಇದಕ್ಕೆ ನೇರ ಉದಾಹರಣೆ. ಕಿರೀಟದ ಕೆಳಗೆ ಜೋಡಿ ಹೃದಯ ಇರುವ ಚಿಕ್ಕ ಬೆಳ್ಳಿ ಬಿಲ್ಲೆಯೂ ಅಷ್ಟೇ. ಅದು ಗುಂಡಿಯಂತೆ ಕಂಡರೂ ತೋಳಿನ ಕಫ್‌ಲಿಂಕಿನ ಒಂದು ಹೋಳು, ಎರಡನೇ ಚಾರ್ಲ್ಸ್ 1662ರಲ್ಲಿ ಬ್ರಗಾಂಜಾದ ಕ್ಯಾಥರೀನಳನ್ನು ಮದುವೆಯಾದ ಕಾಲದ ಫ್ಯಾಶನ್. ಸಿಕ್ಕ 14 ದಿನದೊಳಗೆ ವರದಿ ಮಾಡಬೇಕು. ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಸ್ಥಳೀಯ ಅಧಿಕಾರಿಯ ಬಳಿ ಹೋದರೆ ದಾರಿ ಹೇಳುತ್ತಾರೆ.

ಉಳಿದ ಗುಂಪುಗಳನ್ನು ಬೇಗ ದಾಟೋಣ. ನಾಲ್ಕು ತೂತಿನ, ಅಂಚಿನಲ್ಲಿ ದರ್ಜಿಯ ಹೆಸರೂ ಊರೂ ಒತ್ತಿದ ಹಿತ್ತಾಳೆ ಗುಂಡಿ ಪ್ಯಾಂಟಿನ ಬ್ರೇಸಸ್ (ಹೆಗಲ ಪಟ್ಟಿ) ಸಿಕ್ಕಿಸುವುದಕ್ಕೆ, 19ನೇ ಶತಮಾನದ ಉತ್ತರಾರ್ಧದಿಂದ ಮುಂದಕ್ಕೆ. ಊರಿನ ಹಳೆಯ ವ್ಯಾಪಾರಿ ಡೈರೆಕ್ಟರಿಯಲ್ಲಿ ಆ ದರ್ಜಿ ಸಿಕ್ಕರೆ ಹತ್ತು ವರ್ಷದ ಒಳಗೆ ಕಾಲ ಹೇಳಬಹುದು. ರೈಲ್ವೆ ಗುಂಡಿಗಳಲ್ಲಿ ಎಲ್‌ಎಂಎಸ್, ಎಲ್‌ಎನ್‌ಇಆರ್ ಎಂದಿದ್ದರೆ 1923ರಿಂದ 1947, ಅದರಾಚೆ ಆ ಕಂಪನಿಗಳೇ ಇಲ್ಲ. ಶ್ರೀಮಂತರ ಮನೆಯ ಆಳುಗಳ ಸಮವಸ್ತ್ರದ ಲಿವರಿ ಗುಂಡಿಗಳಲ್ಲಿ ಹುರಿಹಗ್ಗದಂಥ ಪಟ್ಟಿಯ ಮೇಲೆ ಪ್ರಾಣಿಯ ತಲೆಯೋ ಕೈಯೋ ಇರುತ್ತದೆ. ಒಂದೇ ಲಾಂಛನ ಹತ್ತಾರು ಮನೆತನಗಳಿಗೆ ಇರುವುದರಿಂದ, ಹೊಲದ ಸಮೀಪದ ಬಂಗಲೆಗೆ ಹೊಂದಿದರೆ ಮಾತ್ರ ಹೆಸರು ಹೇಳಿ.

ಹೊಲದ ಸಮೀಪ ಅಂದೆ, ಅದಕ್ಕೂ ಒಂದು ತಕರಾರಿದೆ. ಸೇನೆಯ ಹತ್ತು ಗುಂಡಿ ಒಂದೇ ಹೊಲದಲ್ಲಿ ಸಿಕ್ಕಿತು, ಇಲ್ಲಿ ಪಾಳೆಯ ಇತ್ತು ಎಂದು ಹಾರಾಡುವವರಿದ್ದಾರೆ. 1813ರಲ್ಲಿ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಹಿಂಜಿ ಮತ್ತೆ ನೂಲು ಮಾಡುವ ಶಾಡಿ ಉದ್ಯಮ ಶುರುವಾಯಿತು. ಹರಿದ ಸಮವಸ್ತ್ರಗಳೂ ಅಲ್ಲಿಗೆ ಬಂದವು. ನೂಲಿಗೆ ಬಾರದ ಕಸದಲ್ಲಿ ಸಾರಜನಕ ಇರುತ್ತದೆ, ನಿಧಾನವಾಗಿ ಕೊಳೆಯುತ್ತದೆ, ಆದ್ದರಿಂದ ಅದನ್ನು ಗೊಬ್ಬರವಾಗಿ ಕೊಂಡವರು ಯಾರ್ಕ್‌ಷೈರಿನ ರೂಬಾರ್ಬ್ ಬೆಳೆಗಾರರು, ದೂರದ ಕೆಂಟಿನ ಹಾಪ್ಸ್ ತೋಟದವರು. ಬಟ್ಟೆ ಕೊಳೆಯಿತು, ಗುಂಡಿ ಉಳಿಯಿತು. ಬೇರೆ ಬೇರೆ ರೆಜಿಮೆಂಟು, ರೈಲ್ವೆ, ಪೊಲೀಸ್ ಗುಂಡಿಗಳು ಕಲಸಿಕೊಂಡು ಹೊಲದ ತುಂಬ ಸಮನಾಗಿ ಹರಡಿದ್ದರೆ ಅದು ಗೊಬ್ಬರ. ಒಂದೇ ರೆಜಿಮೆಂಟಿನವು ಒಂದು ಮೂಲೆಯಲ್ಲಿ ಸೀಸದ ಗುಂಡುಗಳೊಂದಿಗೆ ಸಿಕ್ಕರೆ ಪಾಳೆಯದ ಮಾತು ಆಡಬಹುದು. ಇದಕ್ಕಾಗಿಯೇ ಪ್ರತಿ ಗುಂಡಿ ಸಿಕ್ಕ ಜಾಗವನ್ನು ಜಿಪಿಎಸ್ ಅಂಕಿಯೊಂದಿಗೆ ಅಲ್ಲೇ, ಆಗಲೇ ಚೀಟಿಯಲ್ಲಿ ಬರೆಯಬೇಕು.

ಕೊನೆಗೆ ತೊಳೆಯುವುದು. ಅತಿ ಹೆಚ್ಚು ಗುಂಡಿಗಳು ಹಾಳಾಗುವುದು ಮಣ್ಣಿನಲ್ಲಲ್ಲ, ಅಡುಗೆಮನೆಯ ಸಿಂಕಿನಲ್ಲಿ. ಹುಣಸೆಹಣ್ಣು ಹಾಕಿ ತಿಕ್ಕುವ ನಮ್ಮ ಮನೆಯ ಅಭ್ಯಾಸ ತಾಮ್ರದ ಬಿಂದಿಗೆಗೆ ಸರಿ. ಗುಂಡಿಗೆ ಹುಣಸೆ, ನಿಂಬೆ, ವಿನೆಗರ್ ಯಾವುದೂ ಬೇಡ. ಆಮ್ಲವು ಚಿನ್ನವನ್ನು ಕರಗಿಸುವುದಿಲ್ಲ, ಚಿನ್ನದ ಅಡಿಯ ಕಿಲುಬನ್ನು ಕರಗಿಸುತ್ತದೆ, ಆಗ ಆಸರೆ ತಪ್ಪಿದ ಚಿನ್ನ ಪೊರೆಯಾಗಿ ಎದ್ದು ನೀರಿನೊಂದಿಗೆ ಹೋಗುತ್ತದೆ. ಲೋಹದ ಬ್ರಷ್ಷೂ ಪಾಲಿಶ್ ಪೇಸ್ಟೂ ಅದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ಹೊಲದಲ್ಲಿ ಬೆರಳಿನಿಂದ ಮಣ್ಣು ಒರೆಸುವುದೂ ತಪ್ಪು, ಒದ್ದೆ ಮಣ್ಣಿನ ಮರಳು ಉಜ್ಜುಕಾಗದದಂತೆ ಗೀಚುತ್ತದೆ. ಹಾಗೇ ಮನೆಗೆ ತಂದು, ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ, ಮಣ್ಣು ತಾನಾಗಿ ಬಿರಿದ ಮೇಲೆ ಮರದ ಹಲ್ಲುಕಡ್ಡಿಯ ತುದಿಯಿಂದ ಬೆನ್ನಿನ ಕಡೆಯಿಂದ ಶುರು ಮಾಡಿ. ಹಳದಿ ಕಂಡ ತಕ್ಷಣ ನಿಲ್ಲಿಸಿ. ಅಂಟಿದ ಮಣ್ಣಿಗೆ ಡಿಸ್ಟಿಲ್ಡ್ ನೀರಿನ ಒಂದು ಹನಿ ಸಾಕು. ಎರಡು ತಗಡಿನ ಪೊಳ್ಳು ಗುಂಡಿಯನ್ನು ಮಾತ್ರ ನೀರಿನಲ್ಲಿ ಮುಳುಗಿಸಬೇಡಿ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ, ಹಿಂದಿನ ತಗಡು ಕಬ್ಬಿಣದ್ದಾಗಿದ್ದರೆ ತುಕ್ಕು ಉಬ್ಬಿ ಮುಖವನ್ನೇ ಸೀಳುತ್ತದೆ.

ಪ್ಯೂಟರ್ ಗುಂಡಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಅದರ ಬಿಳಿ ಪುಡಿಯಲ್ಲಿ ಸೀಸ ಇರುತ್ತದೆ. ಇಡುವುದಕ್ಕೆ ಪಾಲಿಪ್ರೊಪಿಲೀನ್ ಡಬ್ಬಿ, ಸಣ್ಣ ಜಿಪ್ ಚೀಲ, ಆಮ್ಲರಹಿತ ಕಾಗದದ ಚೀಟಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಅಂದದ ಓಕ್ ಮರದ ಡ್ರಾಯರು ಬೇಡ. ಓಕ್ ಮರ ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ, ಸೀಸ ಬೆರೆತ ಗುಂಡಿಗಳು ಮುಚ್ಚಿದ ಡ್ರಾಯರಿನೊಳಗೇ ಬಿಳಿ ಪುಡಿಯಾಗುತ್ತವೆ. ಚೀಟಿಯ ಮೇಲೆ ಪೆನ್ಸಿಲಿನಲ್ಲೇ ಬರೆಯಿರಿ: ಜಾಗ, ತಾರೀಖು, ಅಗಲ, ತೂಕ, ಲೋಹ, ಕುಣಿಕೆಯ ಬಗೆ, ಬೆನ್ನಿನ ಅಕ್ಷರಗಳು ಇದ್ದದ್ದು ಇದ್ದಂತೆ. ಓದಲಾಗದ ಅಕ್ಷರಕ್ಕೆ ಚುಕ್ಕೆ ಇಡಿ, ಊಹೆಯ ಅಕ್ಷರ ತುಂಬಬೇಡಿ. ಮುಖದಲ್ಲಿ ಏನಿದೆ ಎಂಬುದಕ್ಕೆ ಕೊನೆಯ ಸಾಲು ಸಾಕು.